ಒಂದೇ ಪಕ್ಕ ಸವೆದ ಪ್ಯಾಡ್

ಜವಳಗಿರಿ ಕಡೆಯ ಹೂವಿನ ಹೆಂಗಸರನ್ನು ಹೊಸೂರು ಮಾರುಕಟ್ಟೆಗೆ ನನ್ನ ಜೀಪಿನಲ್ಲಿ ನಾನೇ ಕರೆದೊಯ್ಯುತ್ತೇನೆ. ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಎಳೆಯತೊಡಗಿದಾಗ ದಾರಿಯಲ್ಲಿ ಸಿಗುವ ತಳಿ ಊರಿನ ಮೆಕ್ಯಾನಿಕ್ ಹತ್ತಿರ ಹೋದೆ. ಮುಂದಿನ ಎಡಚಕ್ರದ ಒಳಗಿನ ಬ್ರೇಕ್ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಹೊರಗಿನದು ಹೊಸದರಂತೆಯೇ ಇತ್ತು.

“ಇಂಜಿನ್ ಹಿಂದಿನ ಚಕ್ರ ತಿರುಗಿಸೋ ಗಾಡೀಲಿ ಹಿಂಗೇ ಅಕ್ಕಾ. ಮೇಲಾಗಿ ಹೆಂಗಸರು ಬ್ರೇಕ್ ಮೇಲಿಂದ ಕಾಲೇ ತೆಗ್ಯಲ್ಲ” ಎಂದು ಹೊಸ ಪ್ಯಾಡ್ ಕೂರಿಸಿದ.

“ನನ್ನ ಕಾಲಿನ ತಪ್ಪಾದ್ರೆ ಎರಡೂ ಸವೀಬೇಕಲ್ಲಪ್ಪ. ಪ್ಯಾಡ್ ಜಾರೋ ಪಿನ್ನು ಜಾಮಾಗಿ ಹಿಡ್ಕೊಂಡೈತೆ, ಬಿಚ್ಚು” ಎಂದೆ. ಗಾಡಿಯ ಜೊತೆ ಬಂದ ಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ಓದಿದವಳು ನಾನು.

“ಏನೂ ಆಗಲ್ಲ, ಧೈರ್ಯವಾಗಿ ಹೋಗಕ್ಕ.”

“ಏನಾದ್ರೂ ಆದ್ರೆ ನನ್ನ ಗಾಡೀಲಿ ಬರೋ ಹೆಂಗಸರ ಮಕ್ಕಳಿಗೆ ಯಾರಪ್ಪ ಜವಾಬು ಹೇಳೋರು? ನೀನೂ ಪಕ್ಕದಾಗೆ ಕೂತ್ಕೋ, ಜವಳಗಿರಿ ಇಳಿಜಾರು ಇಳಿದು ಬರಾನ.”

ನಗುತ್ತಲೇ ಹತ್ತಿ ಕೂತ. ರಸ್ತೆಗೆ ಬರುವ ಮೊದಲೇ ಅವನ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

“ನಿಲ್ಸಕ್ಕ, ಬಿಚ್ತೀನಿ” ಎಂದ ಮೆಲ್ಲಗೆ.

ತುಕ್ಕು ಹಿಡಿದ ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು. ಹೊಸ ಪಿನ್ನಿಗೆ ಗ್ರೀಸ್ ಹಚ್ಚಿ ಕೂರಿಸಿದ.

ಮರುದಿನ ಆ ಇಳಿಜಾರಿನಲ್ಲಿ ಹೆಂಗಸರು ಎಂದಿನಂತೆ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋಗಿದ್ದರು. ನನ್ನ ಡ್ರೈವಿಂಗಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಇದುವರೆಗೂ ಯಾರೂ ಕೊಟ್ಟಿಲ್ಲ.