ಅವ್ವ ನಾಟಕ ಮಾಡುತ್ತಿರಲಿಲ್ಲ

ಸವಳಂಗದ ಹತ್ತಿರದ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾನು. ಜೊತೆಗೆ ಗಂಗಮ್ಮ ಇದ್ದಾಳೆ. ಅವತ್ತು ಅನ್ನ ಬಸಿಯುತ್ತಿದ್ದೆ. ಪಾತ್ರೆ ಸ್ವಲ್ಪ ವಾಲಿತು.

"ಅಯ್ಯೋ ರೇಣುಕಾ, ಕಾಲು! ಕಾಲು ನೋಡೇ!" ಗಂಗಮ್ಮ ಕಿರುಚಿದಳು.

ಕುದಿಯುವ ಗಂಜಿ ನನ್ನ ಎಡಗಾಲ ಮೇಲೆ ಹರಿಯುತ್ತಿತ್ತು.

ನನಗೆ ಉರಿಯಲೇ ಇಲ್ಲ.

ಬೊಬ್ಬೆ ಎದ್ದ ಮೇಲೆ ಎಲ್ಲರೂ ಶುಗರ್ ಇರಬೇಕು ಅಂದರು. ಪಾದ ಜೋಮು ಹಿಡಿದು ಆಗಲೇ ಎಷ್ಟೋ ತಿಂಗಳಾಗಿತ್ತು. ದಿನವಿಡೀ ನಿಂತು ಕೆಲಸ ಮಾಡುವವಳಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಶಾಲೆಯಲ್ಲಿ ದಿನಾ ನೋಡುವ ಒಂದು ಮಗುವಿನ ಹೆಸರು ಎಷ್ಟು ಹೊತ್ತಾದರೂ ನೆನಪಾಗಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆಯವರು ಬೈಕಿನಲ್ಲಿ ಹೊನ್ನಾಳಿಗೆ ಕರೆದುಕೊಂಡು ಹೋದರು. ಶುಗರ್ ನಾರ್ಮಲ್ ಬಂತು. ಡಾಕ್ಟರ್ ಮೇಡಂ ನಾಲಗೆ ಚಾಚಲು ಹೇಳಿದರು. ನಾಲಗೆ ನುಣ್ಣಗೆ, ಕೆಂಪಗೆ ಇತ್ತು. ಆಮೇಲೆ ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿ ಅಂದರು.

ಮುಚ್ಚಿದೆ. ನೆಲವೇ ಇಲ್ಲದಂತಾಯಿತು. ನಮ್ಮ ಮನೆಯವರು ಹಿಡಿಯದಿದ್ದರೆ ಬೀಳುತ್ತಿದ್ದೆ.

ರಕ್ತದ ರಿಪೋರ್ಟ್ ಬಂದಾಗ ಮೇಡಂ ಹೇಳಿದರು, "ವಿಟಮಿನ್ ಬಿ-12 ತುಂಬಾ ಕಡಿಮೆ ಇದೆ. ಅದಕ್ಕೇ ನರಗಳಿಗೆ ಪೆಟ್ಟಾಗಿದೆ."

"ದಿನಾ ಸೊಪ್ಪು ತಿಂತೀನಿ ಮೇಡಂ. ಮುದ್ದೆ, ಕಾಳು, ಎಲ್ಲಾ ತಿಂತೀನಿ."

"ಒಳ್ಳೇದೇ, ಬಿಡಬೇಡಿ. ಆದ್ರೆ ಬಿ-12 ಅದರಲ್ಲಿ ಸಿಗಲ್ಲ. ಮೊಟ್ಟೆ, ಮೀನು, ಮಾಂಸ ತಿಂತೀರಾ?"

"ನಮ್ಮಲ್ಲಿ ತಿನ್ನಲ್ರಿ."

"ಹಾಗಾದ್ರೆ ಹಾಲು, ಮೊಸರು ಬೇಕು. ಹಸು ಇದೆಯಾ?"

"ಎರಡು ಅದಾವ್ರಿ."

"ನೀವೆಷ್ಟು ಹಾಲು ಕುಡೀತೀರಿ?"

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹಾಲು ಡೈರಿಗೆ ಹೋಗುತ್ತದೆ. ಉಳಿದದ್ದರ ಮೊಸರು ಮಾವನವರಿಗೆ, ಇವರಿಗೆ, ಮಗಳಿಗೆ. ನನ್ನ ಊಟ ಎಲ್ಲರದ್ದೂ ಆದ ಮೇಲೆ. ಅಷ್ಟೊತ್ತಿಗೆ ಗಡಿಗೆ ತೊಳೆದ ನೀರಿನಂಥ ಮಜ್ಜಿಗೆ ಇರುತ್ತಿತ್ತು. ಶಾಲೆಯಲ್ಲಿ ಬೆಳಿಗ್ಗೆ ಅಷ್ಟು ಮಕ್ಕಳಿಗೆ ಹಾಲು ಕಾಯಿಸಿ ಕೊಡುವವಳು ನಾನೇ. ಯಾರೂ ನನಗೆ ಬೇಡ ಅಂದಿರಲಿಲ್ಲ. ನನಗೂ ಬೇಕು ಅನ್ನೋದು ನನಗೇ ಹೊಳೆದಿರಲಿಲ್ಲ.

ಮೇಡಂ ಬರೆಯುತ್ತಲೇ ಕೇಳಿದರು, "ನಿಮ್ಮ ಕಡೆ ಯಾರಿಗಾದ್ರೂ ಹೀಗೆ ಆಗಿತ್ತಾ?"

ಅವ್ವ.

ತವರು ಬಸವಾಪಟ್ಟಣ. ಅವ್ವನಿಗೂ ಅಲ್ಲಿ ಎಲ್ಲರದ್ದೂ ಆದ ಮೇಲೇ ಊಟ. ಕೊನೆಕೊನೆಗೆ ಅವಳ ಕೈಯಿಂದ ಲೋಟ ಜಾರುತ್ತಿತ್ತು. ಖಾರ ಮುಟ್ಟಿದರೆ ನಾಲಗೆ ಉರಿ ಅಂತ ಬರೀ ಅನ್ನ ಉಣ್ಣುತ್ತಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದೇ ಮಾತು ಹತ್ತು ಸಲ ಕೇಳುತ್ತಿದ್ದಳು. ಅರಳುಮರಳು ಅಂದೆವು. ದೇವಸ್ಥಾನಕ್ಕೆ ಕರೆದೊಯ್ದು ದಾರ ಕಟ್ಟಿಸಿದೆವು. ಒಂದು ದಿನ ನಾನು ತವರಿಗೆ ಹೋದಾಗ, ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ ಅಂದಳು.

"ನಾಟಕ ಮಾಡಬ್ಯಾಡವ್ವ," ಅಂದೆ.

ನಾನೇ ಅಂದದ್ದು.

ಅದಾದ ವಾರಕ್ಕೆ ಬಚ್ಚಲಲ್ಲಿ ಬಿದ್ದಳು. ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ.

"ಅವ್ವಂಗೂ ಇದೇ ಇತ್ತಾ ಮೇಡಂ?"

ಅವರು ಪೆನ್ನು ಕೆಳಗಿಟ್ಟರು. "ಇರಬಹುದು. ಇಲ್ಲದೇನೂ ಇರಬಹುದು. ಈಗ ಹೇಳೋಕೆ ಆಗಲ್ಲಮ್ಮ."

ಇಂಜೆಕ್ಷನ್ ಶುರುವಾಯಿತು. ಚುಚ್ಚುವಾಗಲೆಲ್ಲ ಅವ್ವನೇ ಪಕ್ಕದಲ್ಲಿ ಕೂತಂತೆ ಅನ್ನಿಸುತ್ತಿತ್ತು. ಬಯ್ಯುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದಳು. ಮನೆಯಲ್ಲಿ ಯಾವ ಲೋಟ ಬಿದ್ದರೂ ಅವ್ವನ ಕೈ ನೆನಪಾಗುತ್ತಿತ್ತು. ಕಾಯಿಲೆ ನನ್ನ ಕಾಲಿಗೆ ಬಂದಿತ್ತು ನಿಜ, ಆದರೆ ಅದು ಬಿಡಿಸಿ ತೋರಿಸಿದ್ದು ಅವ್ವನ ಕೊನೆಯ ಎರಡು ವರ್ಷವನ್ನು. ಅದಕ್ಕೆ ಯಾವ ಇಂಜೆಕ್ಷನ್ನೂ ಇಲ್ಲ.

ನಾಲಗೆ ಸರಿಹೋಯಿತು. ಮರೆವು ಕಡಿಮೆಯಾಯಿತು. ಈಗ ಮನೆಯಲ್ಲಿ ಡೈರಿಗೆ ಹಾಕುವ ಮೊದಲೇ ಒಂದು ಪಾತ್ರೆ ಹಾಲು ತೆಗೆದಿಡುತ್ತೇವೆ. ನಮ್ಮ ಮನೆಯವರೇ ಹೆಪ್ಪು ಹಾಕುತ್ತಾರೆ.

ಡೈರಿ ಹತ್ತಿರ ಹೆಂಗಸರಿಗೆ ಇದನ್ನೆಲ್ಲ ಹೇಳಿದೆ. "ಹಾಲು ನಾವೇ ಕುಡಿದ್ರೆ ಡೈರಿಗೆ ಹಾಕಾಕೆ ಏನಿರತೈತಿ?" ಅಂತ ಒಬ್ಬಳು ನಕ್ಕಳು. ನಾನು ಸೀರೆ ಸ್ವಲ್ಪ ಎತ್ತಿ ಸುಟ್ಟ ಕಾಲು ತೋರಿಸಿದೆ. ಜೋಮು ಹಿಡಿದ ಮೇಲೆ ಬರೀ ಮೊಸರು ಸಾಲದು, ಆಸ್ಪತ್ರೆಗೇ ಹೋಗಬೇಕು. ಮೊಸರು ಬೇಕಿರೋದು ಅದಕ್ಕೂ ಮೊದಲು ಅಂದೆ. ನಗು ನಿಂತಿತು. ಆಮೇಲೆ ಇಬ್ಬರು ನನ್ನ ಜೊತೆ ಹೊನ್ನಾಳಿಗೆ ಬಂದರು.

ತಂಗಿ ಶಾಂತಾಳನ್ನು ಚನ್ನಗಿರಿಗೆ ಕೊಟ್ಟಿದೆ. ಟೆಸ್ಟ್ ಮಾಡಿಸು ಅಂದರೆ ಮೊದಲು ರೇಗಿದಳು. ಕೊನೆಗೆ ಮಾಡಿಸಿದಳು. ಅವಳಿಗೂ ಕಡಿಮೆ ಇತ್ತು. ನರಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ. ಮಾತ್ರೆ ಬರೆದುಕೊಟ್ಟರು.

ನನ್ನ ಎಡಗಾಲಿನ ಬೆರಳುಗಳಿಗೆ ಸ್ಪರ್ಶ ಪೂರ್ತಿ ಬಂದಿಲ್ಲ. ಬರದೇ ಇರಬಹುದು ಅಂತ ಮೇಡಂ ಮೊದಲೇ ಹೇಳಿದ್ದಾರೆ. ನೋಡಿಕೊಂಡು ಹೆಜ್ಜೆ ಇಡುತ್ತೇನೆ. ಇಡಲು ಆಗುತ್ತಿದೆಯಲ್ಲ, ಅದೇ ದೊಡ್ಡದು.

ಮೊನ್ನೆ ಮಧ್ಯಾಹ್ನ ಶಾಂತಾ ಫೋನ್ ಮಾಡಿದ್ದಳು.

"ಅಕ್ಕಾ, ಇವತ್ತು ಎಲ್ಲರಿಗಿಂತ ಮೊದ್ಲು ನಾನೇ ಮೊಸರು ಹಾಕ್ಕೊಂಡೆ. ನಮ್ಮತ್ತೆ ನೋಡ್ತಾ ಇದ್ರು."

"ಏನಂದ್ರು?"

"ಏನೂ ಅನ್ಲಿಲ್ಲ. ಅವರೂ ತಟ್ಟೆ ಮುಂದೆ ಹಿಡಿದ್ರು."