ಬೆನ್ನ ಹಿಂದಿನ ಸ್ತೋತ್ರ

ತೊಂಬತ್ತರ ದಶಕದಲ್ಲಿ ಶಿಡ್ಲಘಟ್ಟದ ನನ್ನ ತಮ್ಮ ತನ್ನ ವ್ಯಾನಿಗೆ ಸಬ್‌ವೂಫರ್ ಹಾಕಿಸಿದ್ದು ಮಗಳ ಮದುವೆಯ ಸಲುವಾಗಿ. ಜಾತಕ ಕೂಡಿತ್ತು. ಹೆಣ್ಣು ನೋಡಲು ಚಿಂತಾಮಣಿಯಿಂದ ಬರಲಿದ್ದ ವರನ ತಂದೆ ಮಹಾ ಆಚಾರವಂತರು. ಹಿಂದೊಂದು ಮನೆಯಲ್ಲಿ ದೀಪವನ್ನು ಬಾಯಿಂದ ಊದಿ ಆರಿಸಿದ್ದನ್ನು ಕಂಡು, ಉಪ್ಪಿಟ್ಟು ಮುಟ್ಟದೆ ಎದ್ದು ಬಂದವರೆಂದು ಪ್ರತೀತಿ. ಅಂಥವರನ್ನು ಕರೆತರುವ ವ್ಯಾನಿನಲ್ಲಿ ದೇವರ ಸ್ತೋತ್ರ ಗಂಭೀರವಾಗಿ ಮೊಳಗಿದರೆ ಸಂಬಂಧ ಅರ್ಧ ಕುದುರಿದಂತೆಯೇ ಎಂಬುದು ತಮ್ಮನ ಎಣಿಕೆ.

ಅಂಗಡಿಯವನು ಸಬ್‌ವೂಫರಿನ ದೊಡ್ಡ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಬೆನ್ನಿಗೂ ಆಂಪ್ಲಿಫಯರನ್ನು ಆ ಸೀಟಿನ ಅಡಿಗೂ ಕೂರಿಸಿದ. ಅದರಲ್ಲೊಂದು ಫಿಲ್ಟರಿನ ತಿರುಪು. ಎಡಕ್ಕೆ ತಿರುಗಿಸಿದಷ್ಟೂ ಪೆಟ್ಟಿಗೆಗೆ ಮಂದ್ರದ ಗುಡುಗು ಮಾತ್ರ ಹೋಗಿ, ಕಂಠ ವ್ಯಾನಿನ ಮುಂದಿನ ಚಿಕ್ಕ ಸ್ಪೀಕರುಗಳಲ್ಲೇ ಉಳಿಯುತ್ತದೆ. ಬಲಕ್ಕೆ ತಿರುಗಿಸಿದರೆ ಹಾಡುವವರ ಕಂಠವೂ ಅಲ್ಲಿಗೇ ಸೇರುತ್ತದೆ. ನೀವೇ ಕೇಳಿ ಹದ ಮಾಡಿಕೊಳ್ಳಿ ಎಂದನಂತೆ.

ಶ್ರುತಿಜ್ಞಾನವುಳ್ಳವನೆಂದು ತಮ್ಮ ನನ್ನನ್ನು ಕರೆದ. ಇಬ್ಬರೂ ಸ್ನಾನ ಮುಗಿಸಿ ವ್ಯಾನನ್ನೇರಿದೆವು. ಸ್ತೋತ್ರ ಆರಂಭವಾದೊಡನೆ ನಾದವು ಬೆನ್ನ ಹಿಂದಿನಿಂದ ಎದ್ದಿತು. ಭಗವನ್ನಾಮಕ್ಕೆ ಬೆನ್ನು ಮಾಡಿ ಕೂರುವುದುಂಟೆ? ಸೀಟಿನ ಮೇಲೆ ಹಿಂದುಮುಖವಾಗಿ ಮಂಡಿಯೂರಿ, ಕೈಮುಗಿದು ಆಲಿಸಿದೆವು. ಕಂಠವೂ ಅಲ್ಲಿಂದಲೇ ಬಂದರೆ ಚೆನ್ನೆನಿಸಿ ತಮ್ಮ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಸಾಕ್ಷಾತ್ ಗರ್ಭಗುಡಿಯ ಮುಂದೆ ನಿಂತಂತಿತ್ತು. ವ್ಯಾನಿನಲ್ಲಿ ಜನ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆಂಬ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ.

ಹೆಣ್ಣು ನೋಡುವ ದಿನ ವರನ ತಂದೆ ತಾಯಿಯರನ್ನು ಕೂರಿಸಿಕೊಂಡು ಚಿಂತಾಮಣಿ ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ಬಂದಾಗ, ವ್ಯಾನು ಓಡಿಸುತ್ತಿದ್ದ ತಮ್ಮ ಕ್ಯಾಸೆಟ್ಟು ಹಾಕಿದ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿದ್ದ ವರನ ತಂದೆ ಬೆಚ್ಚಿ ನೆಟ್ಟಗಾದರು.

"ಏನ್ರೀ ಇದು, ಸ್ವಾಮೀನ ಬೆನ್ನಿಗಿಟ್ಕೊಂಡು ಕೂತಿದೀವಲ್ಲ?"

ತಮ್ಮನ ಕೈ ಟೇಪಿನತ್ತ ಚಾಚಿತು.

"ನಿಲ್ಲಿಸ್ಬೇಡಿ. ಫಲಶ್ರುತಿ ಆಗ್ದೆ ಮಧ್ಯದಲ್ಲಿ ಯಾರಾದ್ರೂ ನಿಲ್ಲಿಸ್ತಾರಾ?"

ಹೀಗೆಂದವರೇ ಹಿಂದಕ್ಕೆ ತಿರುಗಿ ಮಂಡಿಯೂರಿ ಕೈಮುಗಿದರು. ಅವರ ಪತ್ನಿಯೂ ತಿರುಗಿದರು. ನಾನೂ ತಿರುಗಿದೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಗಾಜಿನಲ್ಲಿ ಮೂರು ಜೊತೆ ಮುಗಿದ ಕೈಗಳನ್ನು ಕಂಡು, ಪಾಪ, ತಾನೂ ಒಂದು ಕೈಯೆತ್ತಿ ನಮಸ್ಕರಿಸಿದ. ಮುಂದಕ್ಕೆ ಮುಖ ಮಾಡಿದ್ದವನು ತಮ್ಮನೊಬ್ಬನೇ. ಕನ್ನಡಿಯಲ್ಲಿ ಅವನ ಮುಖ ಮಗಳ ಸಂಬಂಧ ಮುರಿದೇ ಹೋದವನಂತಿತ್ತು.

ಆಗ ನನಗೆ ತಿರುಪು ನೆನಪಾಯಿತು. ಬಗ್ಗಿ ಸೀಟಿನಡಿ ಕೈಯಾಡಿಸಿ ಮೆಲ್ಲಮೆಲ್ಲನೆ ಎಡಕ್ಕೆ ತಿರುಗಿಸಿದೆ. ಕಂಠವು ಪೆಟ್ಟಿಗೆಯನ್ನು ಬಿಟ್ಟು ಮುಂದಿನ ಚಿಕ್ಕ ಸ್ಪೀಕರುಗಳಿಗೆ ಸರಿಯಿತು. ಹಿಂದೆ ಮೃದಂಗದ ಗುಂಕಾರವಷ್ಟೇ ಉಳಿಯಿತು. ಸೂರ್ಯಕಾಂತಿಯಂತೆ ದಂಪತಿಗಳು ಅದರೊಡನೆಯೇ ಮುಂದಕ್ಕೆ ತಿರುಗಿದರು.

"ಮೃದಂಗದೋರು ಹಿಂದೆ ಕೂತ್ಕೊಳ್ಳಲಿ, ದೋಷ ಇಲ್ಲ" ಎಂದರು ವರನ ತಂದೆ.

ಮನೆ ಬಂದರೂ ಸ್ತೋತ್ರ ಮುಗಿದಿರಲಿಲ್ಲ. ಹೆಂಗಸರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ, ನಾವು ವ್ಯಾನಿನಲ್ಲಿ, ಫಲಶ್ರುತಿಯವರೆಗೆ ಕಾದೆವು. ಇಳಿದೊಡನೆ ಅವರು ತಮ್ಮನನ್ನು ನಿಲ್ಲಿಸಿ ಹೇಳಿದರು: "ಅಷ್ಟು ದೂರ ಸ್ವಾಮಿಗೆ ಬೆನ್ನು ಮಾಡಿ ಓಡ್ಸಿದೀರಿ. ಒಂದು ನಮಸ್ಕಾರ ಹಾಕಿ ಬಂದ್ಬಿಡಿ ಬೀಗರೆ, ತಾಂಬೂಲದ ಮಾತಾಡೋಣ."

'ಬೀಗರೆ' ಎಂಬುದು ಕಿವಿಗೆ ಬಿದ್ದ ಮೇಲೆ ದೇವರ ಮನೆಯವರೆಗೆ ಹೋಗುವಷ್ಟು ತಾಳ್ಮೆ ತಮ್ಮನಿಗೆಲ್ಲಿಯದು? ಅಂಗಳದಲ್ಲಿಯೇ ವ್ಯಾನಿನ ಹಿಂಬಾಗಿಲಿಗೆ ದೀರ್ಘದಂಡ ನಮಸ್ಕಾರ ಮಾಡಿದ.