ಲೈಪ್ಸಿಗ್ ರೇಡಿಯೊದಲ್ಲಿ ನಾನು ಸೇರಿಸಿದ ಹಕಾರ

ಜರ್ಮನಿಗೆ ಬಂದ ಹೊಸದರಲ್ಲಿ ಭಾಷೆ ಕಲಿಸುವ ಮೇಡಂ ನನ್ನ ತುಟಿಯ ಮುಂದೆ ಒಂದು ಕಾಗದದ ಚೂರು ಹಿಡಿದು ‘ಹೌಸ್’ ಅನ್ನು ಎಂದರು. ಹೌಸ್ ಅಂದರೆ ಮನೆ. ಅಂದೆ. ಕಾಗದ ಅಲುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಅಂದೆ. ಆಗಲೂ ಅಲುಗಲಿಲ್ಲ. “ನೀನು ಹೇಳುತ್ತಿರುವುದು ಔಸ್. ಔಸ್ ಅಂದರೆ ಹೊರಗೆ” ಎಂದು ಅವರು ನಕ್ಕರು. ನನ್ನ ಜೊತೆ ಕೂತಿದ್ದ ಸಿರಿಯಾದವರು, ವಿಯೆಟ್ನಾಮಿನವರು, ಕೊಟ್ಟಾಯಂನ ಹುಡುಗಿಯರು ಎಲ್ಲರೂ ನಕ್ಕರು. ಸಮುದ್ರ ದಾಟಿ ಬಂದು, ಮನೆ ಅನ್ನಲು ಹೋಗಿ ಹೊರಗೆ ಅನ್ನುತ್ತಿದ್ದೇನೆ. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಜರ್ಮನ್ ಬಾರದ್ದಕ್ಕೆ ನಾಚಿಕೆಯಾಗಿದ್ದರೆ ಅದನ್ನು ಇಲ್ಲಿ ಬರೆಯುತ್ತಿರಲಿಲ್ಲ. ಹೊಸ ಭಾಷೆ ಯಾರಿಗೆ ತಾನೇ ಹುಟ್ಟಿದಾಗಲೇ ಬರುತ್ತದೆ? ನಾನು ಬೆಳೆದದ್ದು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಪಕ್ಕ. ಅಲ್ಲಿ ಹಕಾರಕ್ಕೆ ಕೆಲಸವಿಲ್ಲ. ಹಾಲು ಆಲು, ಹಣ್ಣು ಅಣ್ಣು, ಹೂವು ಊವು. ತುಮಕೂರಿನ ನರ್ಸಿಂಗ್ ಹಾಸ್ಟೆಲ್‌ಗೆ ಬಂದ ಮೇಲೆ ಗೆಳತಿಯರು ನಕ್ಕು ನಕ್ಕು ನನ್ನ ನಾಲಿಗೆ ತಿದ್ದಿದರು. ತಿದ್ದುವ ಭರದಲ್ಲಿ ಎಲ್ಲಿ ಬೇಡವೋ ಅಲ್ಲಿಯೂ ಹಕಾರ ಹಾಕತೊಡಗಿದೆ. ಒಮ್ಮೆ ಮೆಸ್ಸಿನಲ್ಲಿ “ಇನ್ನೊಂದು ಹಕ್ಕಿ ರೊಟ್ಟಿ ಕೊಡಿ” ಅಂದುಬಿಟ್ಟೆ. ಅವತ್ತಿನಿಂದ ಆ ಹಾಸ್ಟೆಲ್ ಬಿಡುವವರೆಗೂ ನಾನು ಹಕ್ಕಿರೊಟ್ಟಿಯೇ. ಆಮೇಲೆ ಪ್ರತಿ ಮಾತನ್ನೂ ಬಾಯಿಂದ ಹೊರಗೆ ಬಿಡುವ ಮುನ್ನ ಒಳಗೇ ಒಮ್ಮೆ ತೊಳೆದು ನೋಡುವ ಅಭ್ಯಾಸವಾಯಿತು. ಊರಿನ ಮಾತು ಪೂರ್ತಿ ಹೋಯಿತು ಅಂದುಕೊಂಡಿದ್ದೆ. ಲೈಪ್ಸಿಗ್‌ನ ಆ ಕಾಗದದ ಚೂರು ಹೋಗಿಲ್ಲ ಅಂದಿತು.

ನಾನು ಕೆಲಸ ಮಾಡುವುದು ಒಂದು ಪ್ಫ್ಲೇಗೆಹೈಮ್‌ನಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ. ಇರುವುದು ಊಟೆ ಎಂಬ ಹೆಂಗಸಿನ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಹೆಸರೇ ಊಟೆ. ಹಿಂದೆ ರೆಕಾರ್ಡ್ ಅಂಗಡಿ ನಡೆಸುತ್ತಿದ್ದವರು. ಅಂಗಡಿ ಮುಚ್ಚಿದಾಗ ಅದರಲ್ಲಿದ್ದುದೆಲ್ಲ ಮನೆಗೆ ಬಂದಿದೆ, ಬಚ್ಚಲಿಗೆ ಹೋಗುವ ದಾರಿಯಲ್ಲೂ ಹಾಡಿನ ತಟ್ಟೆಗಳ ಸಾಲು. ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ‘ಯಾವ ಜನ’ ಎಂದು ಮೊದಲು ಕೇಳುತ್ತಾರೆ. ಊಟೆ ನನ್ನನ್ನು ಕೇಳಿದ್ದು ‘ಯಾವ ಸಂಗೀತ’ ಎಂದು. ಈ ಪ್ರಶ್ನೆ ಅದಕ್ಕಿಂತ ಎಷ್ಟೋ ಮೇಲು, ಆದರೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಸಿನಿಮಾ ಹಾಡು ಅಂದೆ. “ಅದು ಸರಿ, ನಿಮ್ಮ ಊರಿನಲ್ಲಿ ತಾವೇ ಹಾಡು ಮಾಡಿ ತಾವೇ ಬಿಡುಗಡೆ ಮಾಡುವವರು ಯಾರಿದ್ದಾರೆ?” ಎಂದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, ತುಂಬ ಜನ ಇದ್ದಾರೆ ಅಂದೆ.

ಇಲ್ಲಿನ ಭಾನುವಾರ ಬಹಳ ಕಷ್ಟ. ಮಿಕ್ಸಿ ಹಾಕುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಅದಕ್ಕೆ ‘ರೂಎ’ ಅನ್ನುತ್ತಾರೆ. ಸದ್ದಿಲ್ಲದ ಹೊತ್ತು. ಬರೆಯುವಾಗ ಆ ಪದದ ನಡುವೆ ಒಂದು ಹಕಾರವಿದೆ, ಹೇಳುವಾಗ ಇಲ್ಲ. ಅದೊಂದು ಜರ್ಮನ್ ಪದ ನಮ್ಮ ಕಡೆಯದು ಅನ್ನಿಸಿ ಬೇಗ ಬಾಯಿಗೆ ಬಂತು. ಮಧುಗಿರಿಯಲ್ಲಿ ಎಲ್ಲಿ ನಿಂತರೂ ಬೆಟ್ಟ ಕಾಣುತ್ತದೆ. ದಾರಿ ತಪ್ಪಿದರೆ ಬೆಟ್ಟ ನೋಡಿಕೊಂಡು ನಡೆದರಾಯಿತು. ಇಲ್ಲಿ ಎಲ್ಲ ಸಪಾಟು, ಕಣ್ಣಿಗೆ ಆಸರೆಯಾಗಲು ಒಂದು ಬಂಡೆಯಿಲ್ಲ. ತಮಿಳರ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಕ್ಕ ದಿನ ಮುದ್ದೆ ತೊಳಸಿ ಊಟೆಗೂ ಇಟ್ಟೆ. ಅಗಿಯಬೇಡಿ, ನುಂಗಿ ಅಂದೆ. ಅವರು ಅಗಿದೂ ಅಗಿದೂ, ಕಡೆಗೆ “ನೆಲ ತಿಂದ ಹಾಗಿದೆ. ಒಳ್ಳೆಯ ನೆಲ” ಅಂದರು. ನಾನಿಲ್ಲಿಗೆ ಬಂದ ಮೇಲೆ ಮನಸಾರೆ ನಕ್ಕದ್ದು ಅವತ್ತೇ.

ಊಟೆ ಈ ನಗರದ ಒಂದು ಸಣ್ಣ ರೇಡಿಯೊದಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ನಡೆಸುತ್ತಾರೆ. ಹೆಸರು ‘ನೊಯ್‌ಹೈಟನ್’, ಹೊಸ ಬಿಡುಗಡೆಗಳು. ದೊಡ್ಡ ಕಂಪನಿಗಳ ಹಾಡು ಅಲ್ಲಿಗೆ ಬರುವುದಿಲ್ಲ. ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಫೋನಿನಲ್ಲಿ ಮಾಡಿ ಅಂತರ್ಜಾಲಕ್ಕೆ ಹಾಕಿದ ಹಾಡುಗಳನ್ನು ವಾರವಿಡೀ ಹುಡುಕಿ, ಅವುಗಳಲ್ಲಿ ಕೆಲವನ್ನು ಆರಿಸಿ, ಇದನ್ನು ಯಾಕೆ ಕೇಳಬೇಕು ಎಂದು ಹೇಳಿ ಹಾಕುತ್ತಾರೆ. ಒಂದು ರೂಪಾಯಿ ಹುಟ್ಟುವುದಿಲ್ಲ. ನನಗೂ ಬೇರೆ ಕೆಲಸವಿರಲಿಲ್ಲ, ಜೊತೆಗೆ ಕೂತೆ. ಐಸ್‌ಲ್ಯಾಂಡಿನ ಯಾವನೋ ಕುರಿಗಾಹಿ ಕೊಳಲೂದಿದ್ದು, ಪೋಲೆಂಡಿನ ಅಕ್ಕತಂಗಿಯರು ಜಗಳವಾಡುತ್ತಲೇ ಹಾಡಿದ್ದು, ಹೀಗೆ ಏನೇನೋ ಕೇಳಿದೆ. ಹಾಡೊಂದನ್ನು ಹೊಗಳುವುದು ಎಷ್ಟು ಕಷ್ಟ ಅನ್ನುವುದು ಆಗ ತಿಳಿಯಿತು. ಚೆನ್ನಾಗಿದೆ ಅಂದರೆ ಊಟೆ ಒಪ್ಪುತ್ತಿರಲಿಲ್ಲ. “ಚೆನ್ನಾಗಿದೆ ಅನ್ನುವುದು ಸೂಪಿಗೆ. ಹಾಡಿನಲ್ಲಿ ಏನು ನಡೆಯುತ್ತಿದೆ, ಅದನ್ನು ಹೇಳು” ಅನ್ನುತ್ತಿದ್ದರು. ಇನ್ನೊಂದು ನಿಯಮವಿತ್ತು. ಹಾಕುವ ಮೊದಲು ಹಾಡಿದವರ ಜೊತೆ ಒಮ್ಮೆ ಮಾತಾಡಬೇಕು.

ಒಂದು ಸಂಜೆ ಊಟೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನಿಮ್ಮ ತುಂಬ ಜನರಲ್ಲಿ ಒಬ್ಬರನ್ನು ತೋರಿಸು” ಅಂದರು. ಮಧುಗಿರಿ ಅಂತ ಹಾಕಿದೆ, ಏನೂ ಬರಲಿಲ್ಲ. ಕೊರಟಗೆರೆ, ಪಾವಗಡ, ಇಲ್ಲ. ಶಿರಾ ಅಂತ ಹಾಕಿದಾಗ ಒಂದೇ ಒಂದು ಬಂತು. ಕಳ್ಳಂಬೆಳ್ಳ ಕಡೆಯ ಭಾಗ್ಯ ಎಂಬ ಹುಡುಗಿ ಹಾಡಿದ್ದು. ಹಿಂದೆ ಒಂದು ತಮಟೆ, ಫೋನಿನಲ್ಲಿ ಮಾಡಿದ ಒಂದು ತಾಳ, ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ‘ನನ್ನಾಡು’ ಎಂದು ಹೆಸರು ಕೊಟ್ಟಿದ್ದಳು.

*ಬೆಟ್ಟ ಅತ್ಕಂಡು ಓಯ್ತು ನನ್ನಾಡು,*
*ಇಳ್ಕಂಡ್ ಬರ್ನಿಲ್ಲ.*
*ಯಾರ್ ಮನ್ಯಾಗೆ ಕಟ್ಟವ್ರೋ ನನ್ನಾಡ,*
*ಕದ್ದೋರ್ ಏಳ್ನಿಲ್ಲ.*

ದನಿ ಕೇಳಿದೊಡನೆ ಮೈ ಜುಮ್ಮೆಂದಿತು. ಬೆನ್ನಲ್ಲೇ ಮುಜುಗರವಾಯಿತು. ಅತ್ಕಂಡು, ಓಯ್ತು, ಏಳ್ನಿಲ್ಲ! ಒಂದು ಕಡೆಯೂ ಹಕಾರವಿಲ್ಲ. ಹಾಡನ್ನೂ ಆಡು ಅನ್ನುತ್ತಾಳಲ್ಲ, ಹೆಸರು ಬರೆಯುವಾಗಲಾದರೂ ಸರಿಯಾಗಿ ಬರೆಯಬಾರದೇ ಅಂದುಕೊಂಡೆ. ಊಟೆಗೆ ಅರ್ಥ ಹೇಳಿದೆ. ನನ್ನ ಹಾಡು ಬೆಟ್ಟ ಹತ್ತಿ ಹೋಯಿತು, ಇಳಿದು ಬರಲಿಲ್ಲ. ಯಾರ ಮನೆಯಲ್ಲಿ ಕಟ್ಟಿದ್ದಾರೋ ನನ್ನ ಹಾಡನ್ನು, ಕದ್ದವರು ಹೇಳಲಿಲ್ಲ. ನಮ್ಮಲ್ಲಿ ಹಾಡನ್ನು ಬರೆಯುವುದಿಲ್ಲ, ಕಟ್ಟುತ್ತಾರೆ ಎಂದು ವಿವರಿಸಿದೆ. ಊಟೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ಹೆಮ್ಮೆಯಾಯಿತು.

ಭಾಗ್ಯಳ ಜೊತೆ ಮಾತಾಡಬೇಕಿತ್ತು. ಮಾತಾಡಿದರೆ ನನ್ನ ಬಾಯಲ್ಲೂ ಅದೇ ಮಾತು ಬಂದೀತೆಂಬ ಹಿಂಜರಿಕೆಯಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿ ಕೈತೊಳೆದುಕೊಂಡೆ. ಅವಳು ದನಿ ಕಳಿಸಿದಳು: “ತ್ಯಾಂಕ್ಸ್ ಮೇಡಂ. ಯಾವೊತ್ತು ಬರುತ್ತೆ ಏಳಿ. ಊರೋರ್ನೆಲ್ಲ ಕೂರುಸ್ಕಂಡು ಕೇಳುಸ್ಬೇಕು.” ಹುಡುಗಿಗೆ ಸಂಭ್ರಮ ಅಂದುಕೊಂಡೆ.

ಕಾರ್ಯಕ್ರಮದಲ್ಲಿ ನಾನೇ ಮಾತಾಡಿದೆ. ಜರ್ಮನ್‌ನಲ್ಲಿ ಆದ ಮೇಲೆ, ಹಾಡಿದವಳ ಊರಿನವರಿಗಾಗಿ ಕನ್ನಡದಲ್ಲೂ ನಾಲ್ಕು ಮಾತು ಹೇಳು ಎಂದರು ಊಟೆ. ಹೇಳಿದೆ. ಎಂಥ ಕನ್ನಡ ಅಂತೀರಿ! ತೊಳೆದು ಬಳಿದು ಇಸ್ತ್ರಿ ಹಾಕಿದ ಕನ್ನಡ. “ಈ ಗೀತೆಯ ಹೆಸರು ನನ್ನ ಹಾಡು. ಉಚ್ಚಾರಣೆಯಲ್ಲಿ ಗ್ರಾಮೀಣ ದೋಷಗಳಿದ್ದರೂ ಭಾವ ಶುದ್ಧವಾಗಿದೆ. ಇಲ್ಲಿ ಹಾಡನ್ನು ಕದ್ದವನು ಯಾವನೋ ಒಬ್ಬ ಮನುಷ್ಯನಲ್ಲ, ಕಾಲ” ಎಂದೆ. ಆ ಕೊನೆಯ ಮಾತನ್ನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಕೇಳುಗರು ಮೆಚ್ಚಿ ಬರೆದರು. ಆರೈಕೆ ಮನೆಯ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ತನ್ನ ಹಾಡೂ ಹಾಗೇ ಹೋಯಿತು ಅಂದರು.

ಮರುದಿನ ಭಾಗ್ಯಳ ದನಿ ಬಂತು. ಈ ಸಲ ಸಂಭ್ರಮವಿರಲಿಲ್ಲ.

“ಮೇಡಂ, ಏನ್ ಮಾಡ್ಬುಟ್ರಿ ನೀವು? ಅದು ಆಡು ಮೇಡಂ. ಮ್ಯಾ ಅಂತದಲ್ಲ, ಮೇಕೆ, ಆ ಆಡು. ನಮ್ಮವ್ವ ಸಾಕಿದ್ದು. ಊರಾಗೆ ಕಂಟ್ರಾಕ್ಟ್ರು ಬಾಮೈದ ಇಡ್ಕಂಡೋಗಿ ಕೆರೆ ಏರಿ ಮ್ಯಾಲೆ ಕುಯ್ಕಂಡ್ ತಿಂದವ್ನೆ. ತೊಗ್ಲು ಸಿಕ್ತು. ಎದುರ್ಗೆ ಏಳಕ್ಕೆ ಯಾರ್ಗೂ ದೈರ್ಯ ಇಲ್ಲ, ಅದ್ಕೇ ಪದ ಕಟ್ದೆ. ನಾವು ಪದ ಅಂತೀವಿ, ಇಲ್ಲಾ ಸಾಂಗ್ ಅಂತೀವಿ. ಆಡು ಅಂದ್ರೆ ಆಡೇ ಕಣ್ ಮೇಡಂ.”

ಮಿಕ್ಕದ್ದನ್ನು ಅವಳು ತಡೆದು ತಡೆದು ಹೇಳಿದಳು. ಊರಿನ ಹಾಲಿನ ಡೈರಿ ಮುಂದೆ ನ್ಯಾಯ ಸೇರಿಸಿದ್ದರಂತೆ. ಪರದೇಶದವರೂ ಕೇಳುವ ಹಾಗಾಗಿದೆ ಅಂದರೆ ಊರಿನ ಹಿರಿಯರಿಗೆ ಬಾಯಿ ಬಂದೀತು ಎಂದು ಇವಳು ಫೋನಿನಲ್ಲಿ ಬರುವ ನಮ್ಮ ರೇಡಿಯೊವನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸಿದ್ದಾಳೆ. ನನ್ನ ಇಸ್ತ್ರಿ ಹಾಕಿದ ಕನ್ನಡ ಡೈರಿ ಮುಂದೆ ಮೊಳಗಿದೆ. ಕೇಳಿದ ಕಂಟ್ರಾಕ್ಟರ್ ಎದ್ದು ನಿಂತು, “ಕೇಳುಸ್ಕಂಡ್ರೇನ್ರಪ್ಪಾ? ಆಡಲ್ವಂತೆ, ಹಾಡಂತೆ. ಕದ್ದಿರದು ಮನುಸ್ನಲ್ವಂತೆ, ಕಾಲ ಅಂತೆ. ಓಗ್ರಲಾ, ಕಾಲನ್ನ ಇಡ್ಕಂಬನ್ನಿ, ದಂಡ ಆಕಾನ” ಅಂದನಂತೆ. ಇಡೀ ಊರು ಬಿದ್ದು ಬಿದ್ದು ನಕ್ಕಿದೆ. ನಗು ಬಂದ ಮೇಲೆ ನ್ಯಾಯ ಎಲ್ಲಿ ನಿಲ್ಲುತ್ತದೆ? ಎದ್ದು ಹೋದರಂತೆ.

ಮಂಚದ ಮೇಲೆ ಕೂತು ಅದನ್ನು ಮತ್ತೊಮ್ಮೆ ಕೇಳಿದೆ. ನಮ್ಮಜ್ಜಿಯೂ ಆಡು ಸಾಕಿದವಳು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಹೇಳಿಕೊಂಡೇ ಅವುಗಳ ಹಿಂದೆ ಅಲೆದವಳು. ಅವಳು ಹಾಡುತ್ತಿದ್ದುದನ್ನು ಯಾವತ್ತೂ ಹಾಡು ಅಂದವಳಲ್ಲ, ಪದ ಅಂದವಳು. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಭಾಗ್ಯ ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ಒಬ್ಬ ಜರ್ಮನಿಯವನು ಆಡನ್ನು ಹಾಡು ಅಂದಿದ್ದರೆ ಕ್ಷಮೆಯಿದೆ. ಹಾಲನ್ನು ಆಲು ಎಂದು ಬೆಳೆದವಳು ಮಾತ್ರ ಮಾಡಬಹುದಾದ ತಪ್ಪನ್ನು ನಾನು ಮಾಡಿದ್ದೆ. ನನ್ನ ಮಾತಿನ ಬಗ್ಗೆ ನನಗಿದ್ದ ನಾಚಿಕೆಯನ್ನು ಕೊಂಡೊಯ್ದು ಅವಳ ಮಾತಿಗೆ ಬಳಿದಿದ್ದೆ. ಅದರಲ್ಲಿ ಕಳ್ಳ ಬಚಾವಾದ.

ಇದನ್ನು ಊಟೆಗೆ ಹೇಳಿದೆ. “ತಪ್ಪೇ ಸರಿ. ಆದರೆ ಎಷ್ಟು ಚೆಂದದ ತಪ್ಪು. ಜನ ಎಷ್ಟೊಂದು ಬರೆದರು” ಅಂದರು. ನನಗೆ ಎಲ್ಲಿತ್ತೋ ಸಿಟ್ಟು ಬಂತು. “ನಿಮಗೆ ಚೆಂದ. ಅವಳ ತಾಯಿ ಸಾಕಿದ ಜೀವ ಅದು. ಹಾಡಿನಲ್ಲಿ ಏನು ನಡೆಯುತ್ತಿದೆ ಅದನ್ನು ಹೇಳು ಎಂದವರು ನೀವೇ” ಅಂದೆ. ಅವರು ತಲೆದೂಗಿ, ಮುಂದಿನ ಭಾನುವಾರ ಕಾರ್ಯಕ್ರಮದ ಮೊದಲ ಹೊತ್ತನ್ನು ನನಗೆ ಬಿಟ್ಟುಕೊಟ್ಟರು.

ಜರ್ಮನ್‌ನಲ್ಲಿ ಹೇಳುವುದು ಸುಲಭವಾಯಿತು. ಆಡಿಗೆ ತ್ಸೀಗೆ ಅನ್ನುತ್ತಾರೆ. ಹಾಡಲ್ಲ, ತ್ಸೀಗೆ. ಕದ್ದದ್ದು ಕಾಲವಲ್ಲ, ಒಬ್ಬ ಮನುಷ್ಯ. ಕನ್ನಡಕ್ಕೆ ಬಂದಾಗ, ಈ ಸಲ ಬಾಯಿ ತೊಳೆಯದೆ ಮಾತಾಡಬೇಕೆಂದು ನಿಶ್ಚಯಿಸಿದ್ದೆ. ಎಷ್ಟೋ ವರ್ಷಗಳ ಮೇಲೆ, ಅದೂ ಮೈಕಿನ ಮುಂದೆ, ಊರಿನಲ್ಲಿ ಅವ್ವನ ಜೊತೆ ಆಡುತ್ತಿದ್ದ ಹಾಗೆಯೇ ಆಡಿದೆ. “ನನ್ನೆಸ್ರು ಏಮಾವತಿ. ನಮ್ಮೂರು ಬಡವನಳ್ಳಿ ತಾವ. ಓದ್ವಾರ ನಾನು ತಪ್ಪೇಳ್ಬುಟ್ಟೆ. ಬಾಗ್ಯ ಏಳಿರದು ಆಡು, ಅವ್ರವ್ವ ಸಾಕಿದ್ ಆಡು. ಅದುನ್ನ ಕದ್ದಿರೋನು ಮನುಸ್ನೇ. ತಪ್ಪು ನಂದು, ಅವಳ್ದಲ್ಲ.” ಹೇಳಿ ಮುಗಿಸಿ ಮೈಕನ್ನು ಊಟೆಯ ಕಡೆ ಸರಿಸಿದೆ. ಎದೆ ಹಗುರಾಗಿತ್ತು. ಅದರ ತುಣುಕನ್ನು ನಾನೇ ಭಾಗ್ಯಳಿಗೆ ಕಳಿಸಿದೆ.

ಉತ್ತರ ಬರಲು ಎರಡು ದಿನ ಹಿಡಿಯಿತು.

“ಕೇಳುದ್ವಿ ಮೇಡಂ. ಮೊದ್ಲು ಪುಸ್ತಕ್ದಂಗೆ ಮಾತಾಡುದ್ರಿ. ಓದಿರೋರು, ಗೊತ್ತಾಗ್ನಿಲ್ಲ ಬುಡು ಅಂದ್ಕಂಡೆ. ಈಗ ನಮ್ಮಂಗೇ ಮಾತಾಡಿ ಆಡ್ಕಂತೀರಲ್ಲ ಮೇಡಂ? ಟೀವಿಯಾಗೆ ಅಳ್ಳಿಯೋರ್ನ ಕಾಮಿಡಿ ಮಾಡ್ತಾರಲ್ಲ, ಅಂಗೇ ಇತ್ತು. ನಮ್ಮವ್ವ ಅರ್ದುಕ್ಕೇ ಎದ್ದೋದ್ಳು. ಬಡವನಳ್ಳಿಯೋರು ಅಂತ ಬ್ಯಾರೆ ಸುಳ್ಳೇಳ್ತೀರ. ನಮ್ ಕಡೆಯೋರಾಗಿದ್ರೆ ಆಡು ಗೊತ್ತಾಗ್ತಿರ್ನಿಲ್ವಾ? ಸಾಕು ಬುಡಿ ಮೇಡಂ. ಇನ್ಮ್ಯಾಲೆ ನನ್ ಪದ ಆಕ್ಬ್ಯಾಡಿ.”

ಓದುಗರೇ, ಈಗಲೂ ಇಲ್ಲಿನವರು ನನ್ನನ್ನು ಆ ಊರುಗಳ ದನಿ ಎಂದೇ ಪರಿಚಯಿಸುತ್ತಾರೆ. ಊಟೆ ಪ್ರತಿ ವಾರ ಹೊಸ ಹಾಡುಗಳನ್ನು ತೆರೆದು ಕರೆಯುತ್ತಾರೆ, ಹೋಗಿ ಕೂರುತ್ತೇನೆ, ಅಭಿಪ್ರಾಯ ಕೇಳಿದರೆ ಹಾಡಿದವರನ್ನು ಕೇಳಿ ಅನ್ನುತ್ತೇನೆ. ನನ್ನ ಸ್ವಂತ ನಾಲಿಗೆಯನ್ನು ನಾನು ಅಣಕಿಸುತ್ತಿದ್ದೇನೆ ಎಂದು ನನ್ನ ಕಡೆಯವಳೇ ನಂಬಿದ್ದಾಳೆ. ಅದನ್ನು ಸುಳ್ಳು ಮಾಡುವುದು ಹೇಗೆ?

ಮೊನ್ನೆ ಧೈರ್ಯ ಮಾಡಿ ಫೋನ್ ಮಾಡಿದೆ. ಎತ್ತಿದ್ದು ಭಾಗ್ಯ ಅಲ್ಲ, ಅವಳ ತಾಯಿ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು, ಯಾರೋ ಪಾತ್ರೆ ಉಜ್ಜುತ್ತಿದ್ದರು. ನಾನು ಬಾಯಿ ತೆರೆದೆ. ತೊಳೆದ ಕನ್ನಡ ಆಡಿದರೆ ರೇಡಿಯೊ ಮೇಡಂ ಆಗುತ್ತೇನೆ, ನನ್ನ ಕನ್ನಡ ಆಡಿದರೆ ಅಣಕಿಸುವವಳಾಗುತ್ತೇನೆ. ಎರಡೂ ಬಾರದೆ ಫೋನ್ ಹಿಡಿದು ನಿಂತೆ.

“ಅಲೋ,” ಎಂದರು ಆ ತಾಯಿ. “ಅಲೋ, ಯಾರವ್ವಾ ನೀನು? ಯಾವೂರು?”